ವಿಕೆಟ್‌ನಲ್ಲಿ ರೇಡಿಯೋ ಬಟನ್ ಕಟ್ಟೋದು ಹೇಗೆ, ಎಲ್ಲಿ ಎಡವ್ತೀವಿ

ಅಪಾಚೆ ವಿಕೆಟ್ ಅನ್ನೋ ಜಾವಾ ಫ್ರೇಮ್‌ವರ್ಕ್‌ನಲ್ಲಿ ರೇಡಿಯೋ ಬಟನ್ ಇಡೋದು ಮೊದಲ ನೋಟಕ್ಕೆ ಹತ್ತು ನಿಮಿಷದ ಕೆಲಸ, ನಾಲ್ಕು ದುಂಡು ಚುಕ್ಕೆ, ಪಕ್ಕದಲ್ಲಿ ನಾಲ್ಕು ಹೆಸರು, ಕೆಳಗೊಂದು ಸಬ್ಮಿಟ್ ಬಟನ್ ಅಷ್ಟೇ. ಇಟ್ಟೂ ಇಡ್ತೀವಿ, ಕೆಲಸಾನೂ ಮಾಡತ್ತೆ. ಆಮೇಲೆ ಒಂದಿನ ಯಾರೋ ಫೋನ್ ಮಾಡಿ ನಾನು ಒತ್ತಿದ್ದು ಒಂದು ಸೇವ್ ಆಗಿರೋದು ಇನ್ನೊಂದು ಅಂತಾರೆ, ಲಾಗ್ ನೋಡಿದ್ರೆ ಒಂದು ಎರರೂ ಇರಲ್ಲ. ನನಗೆ ಇದು ಆಗಿದೆ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ. ಹೇಗೆ ಕಟ್ಟೋದು ಅನ್ನೋದರ ಜೊತೆಗೆ ಪೇಜ್ ತೋರಿಸಿದ ಹೊತ್ತಿಗೂ ಸಬ್ಮಿಟ್ ಆಗೋ ಹೊತ್ತಿಗೂ ನಡುವೆ ಏನಾಗತ್ತೆ ಅನ್ನೋದನ್ನ ಬಿಡಿಸಿ ಹೇಳೋಕೆ ಪ್ರಯತ್ನ ಪಡ್ತೀನಿ, ಯಾಕಂದ್ರೆ ರೇಡಿಯೋ ಬಟನ್‌ನ ಹೆಚ್ಚುಕಮ್ಮಿ ಎಲ್ಲಾ ತೊಂದರೆ ಹುಟ್ಟೋದು ಅಲ್ಲೇ.

ಕ್ಲಾಸು, ಮೆಥಡ್ ಹೆಸರೆಲ್ಲಾ ಕನ್ನಡ ಅಕ್ಷರದಲ್ಲೇ ಬರ್ದಿದೀನಿ, ಕೋಡಲ್ಲಿ ಅವೆಲ್ಲಾ ಕೂಡಿಸಿ ಬರೆದ ಒಂದೇ ಪದ, ಎಡಿಟರ್‌ನಲ್ಲಿ ಮೊದಲ ನಾಲ್ಕು ಅಕ್ಷರ ಟೈಪ್ ಮಾಡಿದ್ರೆ ಉಳಿದಿದ್ದು ತಾನೇ ಬರತ್ತೆ. ವಿಕೆಟ್ ಗೊತ್ತಿಲ್ದೇ ಇರೋರಿಗೆ ಎರಡೇ ಮಾತು. 2004ರಲ್ಲಿ ಜೊನಾಥನ್ ಲಾಕ್ ಶುರು ಮಾಡಿದ್ದು, 2007ರಲ್ಲಿ ಅಪಾಚೆಯ ಪೂರ್ಣ ಪ್ರಾಜೆಕ್ಟ್ ಆಯ್ತು, ಈಗಿನ 10ನೇ ವರ್ಶನ್‌ಗೆ ಜಾವಾ 17 ಬೇಕು. ಪ್ರತಿ ಪೇಜ್‌ಗೂ ಒಂದು ಜಾವಾ ಕ್ಲಾಸು, ಅದೇ ಹೆಸರಿನ ಒಂದು ಎಚ್‌ಟಿಎಂಎಲ್ ಫೈಲು. ಎಚ್‌ಟಿಎಂಎಲ್ ಒಳಗೆ ಇಫ್, ಲೂಪು ಏನೂ ಬರೆಯೋ ಹಾಗಿಲ್ಲ, ಟ್ಯಾಗ್‌ಗೆ ವಿಕೆಟ್ ಐಡಿ ಅಂತ ಒಂದು ಹೆಸರು ಕೊಡ್ತೀವಿ, ಜಾವಾ ಕಡೆ ಅದೇ ಹೆಸರಿನ ಕಾಂಪೊನೆಂಟ್, ಅಂದ್ರೆ ಆ ಟ್ಯಾಗನ್ನ ನೋಡ್ಕೊಳ್ಳೋ ಜಾವಾ ಆಬ್ಜೆಕ್ಟ್, ಸೇರಿಸ್ತೀವಿ. ಎರಡೂ ಕಡೆ ಒಳಗೆ ಹೊರಗೆ ಅನ್ನೋ ಜೋಡಣೆ ಒಂದೇ ಥರ ಇರಬೇಕು, ಅದು ತಪ್ಪಿದ್ರೆ ಪೇಜೇ ತೆರೆಯಲ್ಲ.

ಮೊದಲು ಬ್ರೌಸರ್ ಏನು ಮಾಡತ್ತೆ ಅಂತ

ಈ ಹೆಸರು ಬಂದಿದ್ದೇ ಹಳೇ ಕಾರ್ ರೇಡಿಯೋದಿಂದ, ಸ್ಟೇಷನ್ ಬದಲಿಸೋಕೆ ಒಂದು ಗುಂಡಿ ಒತ್ತಿದ್ರೆ ಮೊದಲು ಒಳಗೆ ಹೋಗಿದ್ದ ಗುಂಡಿ ಟಕ್ ಅಂತ ಆಚೆ ಬರ್ತಿತ್ತು. ಎಚ್‌ಟಿಎಂಎಲ್‌ನಲ್ಲೂ ಅದೇ ಲೆಕ್ಕ. ಒಂದೇ ನೇಮ್ ಇರೋ ರೇಡಿಯೋಗಳೆಲ್ಲಾ ಒಂದು ಗುಂಪು, ಅದ್ರಲ್ಲಿ ಒಂದಕ್ಕೆ ಮಾತ್ರ ಚುಕ್ಕೆ. ಸಬ್ಮಿಟ್ ಮಾಡಿದಾಗ ಆ ಒಂದರ ವ್ಯಾಲ್ಯೂ ಮಾತ್ರ ಸರ್ವರ್‌ಗೆ ಹೋಗತ್ತೆ, ಯಾವುದನ್ನೂ ಒತ್ತಿಲ್ಲ ಅಂದ್ರೆ ಆ ನೇಮೇ ಹೋಗಲ್ಲ. ಒಂದು ಸಲ ಒತ್ತಿದ ಮೇಲೆ ಬಳಕೆದಾರರು ಅದನ್ನ ಖಾಲಿ ಮಾಡೋಕೂ ಆಗಲ್ಲ, ಹಾಗಾಗಿ ಯಾವುದೂ ಬೇಡ ಅನ್ನೋದು ನಿಜವಾದ ಉತ್ತರ ಆಗಿದ್ರೆ ಅದಕ್ಕೂ ಒಂದು ರೇಡಿಯೋ ಇಡಲೇಬೇಕು. ನಾನು ಇಲ್ಲಿ ಹಾಸ್ಟೆಲ್ ಮೆಸ್‌ನ ರಾತ್ರಿ ಊಟದ ಫಾರಂ ಉದಾಹರಣೆ ಇಟ್ಕೋತೀನಿ, ಮುದ್ದೆ, ಚಪಾತಿ, ಅನ್ನ ಸಾರು, ಊಟ ಬೇಡ ಅಂತ ನಾಲ್ಕು. ಕೊನೇದು ಇಲ್ದೇ ಹೋದ್ರೆ ಊರಿಗೆ ಹೊರಟಿರೋ ಹುಡುಗ ಏನೋ ಒಂದು ಒತ್ತಲೇಬೇಕು, ಅಡುಗೆಯವರು ಸುಮ್ಮನೆ ಒಂದು ಊಟ ಹೆಚ್ಚು ಮಾಡಿಡ್ತಾರೆ.

ಸಲೀಸಾದ ದಾರಿ ರೇಡಿಯೋಚಾಯ್ಸ್

ವಿಕೆಟ್‌ನಲ್ಲಿ ಎರಡು ದಾರಿ ಇದೆ. ಒಂದು ರೇಡಿಯೋಚಾಯ್ಸ್, ಇದಕ್ಕೆ ಆಯ್ಕೆಗಳ ಲಿಸ್ಟ್ ಕೊಟ್ರೆ ಇನ್‌ಪುಟ್, ಲೇಬಲ್ ಎಲ್ಲಾ ತಾನೇ ಬರ್ಕೊಳ್ಳತ್ತೆ. ಎಚ್‌ಟಿಎಂಎಲ್‌ನಲ್ಲಿ ಒಂದು ಡಿವ್ ಇಟ್ಟು ಅದಕ್ಕೆ ವಿಕೆಟ್ ಐಡಿ ಕೊಟ್ರೆ ಸಾಕು. ಜಾವಾದಲ್ಲಿ ಕನ್‌ಸ್ಟ್ರಕ್ಟರ್‌ಗೆ ನಾಲ್ಕು ಕೊಡಿ: ಐಡಿ, ಉತ್ತರ ಇಟ್ಕೊಳ್ಳೋ ಮಾಡೆಲ್ (ವ್ಯಾಲ್ಯೂ ತಂದು ಕೊಡೋ, ವಾಪಸ್ ಇಡೋ ಪೆಟ್ಟಿಗೆ ಥರ), ಆಯ್ಕೆಗಳ ಲಿಸ್ಟ್, ಪ್ರತಿ ಆಯ್ಕೆನ ಹೇಗೆ ತೋರಿಸ್ಬೇಕು ಅಂತ ಹೇಳೋ ಚಾಯ್ಸ್‌ರೆಂಡರರ್.

ನಮ್ಮ ನಾಲ್ಕು ಊಟ ಬದಲಾಗೋದಿಲ್ಲ ಅಂದ್ರೆ ಅದನ್ನ ಈನಮ್ (ಹೆಸರುಗಳ ಬದಲಾಗದ ಪಟ್ಟಿ) ಮಾಡಿ, ರೆಂಡರರ್ ಜಾಗದಲ್ಲಿ ಈನಮ್‌ಚಾಯ್ಸ್‌ರೆಂಡರರ್ ಹಾಕಿ. ಅದರ ಕನ್‌ಸ್ಟ್ರಕ್ಟರ್‌ಗೆ ಪೇಜನ್ನ, ಅಂದ್ರೆ ದಿಸ್ ಅನ್ನ, ಕೊಡೋದು ಮರೀಬೇಡಿ, ಕೊಡದೇ ಇದ್ರೆ ಅದು ಅಪ್ಲಿಕೇಶನ್ ಮಟ್ಟದ ಪ್ರಾಪರ್ಟೀಸ್ (ತೋರಿಸೋ ಮಾತುಗಳನ್ನ ಕೀ, ಪಠ್ಯ ಅಂತ ಜೋಡಿಯಾಗಿ ಬರೆದಿಡೋ ಫೈಲು) ಮಾತ್ರ ಹುಡುಕತ್ತೆ, ನೀವು ಪೇಜ್ ಪಕ್ಕದಲ್ಲಿ ಇಟ್ಟ ಫೈಲನ್ನ ನೋಡೋದೇ ಇಲ್ಲ. ಕೀ ಬರೆಯೋದು ಈನಮ್ ಕ್ಲಾಸ್ ಹೆಸರು, ಚುಕ್ಕಿ, ಆಮೇಲೆ ಕಾನ್‌ಸ್ಟಂಟ್ ಹೆಸರು, ಈ ರೀತಿ.

ಇಲ್ಲಿ ಕನ್ನಡದಲ್ಲಿ ಲೇಬಲ್ ಹಾಕೋರಿಗೆ ಒಂದು ಮಾತು ಹೇಳ್ಲೇಬೇಕು. ಜಾವಾದ ಪ್ರಾಪರ್ಟೀಸ್ ಫೈಲು ಹಳೇ ಲ್ಯಾಟಿನ್ ಎನ್‌ಕೋಡಿಂಗ್‌ನಲ್ಲಿ ಓದಿಸಿಕೊಳ್ಳತ್ತೆ, ಅದ್ರಲ್ಲಿ ನೇರವಾಗಿ ಮುದ್ದೆ ಅಂತ ಬರೆದ್ರೆ ಪೇಜಲ್ಲಿ ಗೀಚಿದ ಹಾಗೆ ಏನೇನೋ ಬರತ್ತೆ. ಪ್ರತಿ ಅಕ್ಷರಕ್ಕೂ ಯೂನಿಕೋಡ್ ಎಸ್ಕೇಪ್ ಬರೀತಾ ಕೂರೋದು ಬೇಡ, ಫೈಲ್ ಹೆಸರಲ್ಲಿ ಪ್ರಾಪರ್ಟೀಸ್‌ಗೆ ಮುಂಚೆ ಚುಕ್ಕಿ ಯುಟಿಎಫ್8 ಅಂತ ಸೇರಿಸಿ, ಅಥವಾ ಪ್ರಾಪರ್ಟೀಸ್ ಎಕ್ಸ್‌ಎಂಎಲ್ ರೂಪದಲ್ಲಿ ಇಡಿ, ವಿಕೆಟ್ ಎರಡನ್ನೂ ಸರಿಯಾಗಿ ಓದತ್ತೆ. ಕನ್ನಡ ಲೊಕೇಲ್‌ಗೆ (ಭಾಷೆಯ ಸೆಟ್ಟಿಂಗ್‌ಗೆ) ಮಾತ್ರ ಅಂತಿದ್ರೆ ಕ್ಲಾಸ್ ಹೆಸರಾದ ಮೇಲೆ ಅಂಡರ್‌ಸ್ಕೋರ್ ಹಾಕಿ ಕೆಎನ್ ಸೇರಿಸಿ. ಬೇರೆ ಭಾಷೆಗೆ ಪಕ್ಕದಲ್ಲೇ ಇನ್ನೊಂದು ಫೈಲು. ಕೋಡ್ ಮುಟ್ಟೋ ಹಾಗೇ ಇಲ್ಲ.

ರೇಡಿಯೋಚಾಯ್ಸ್ ಆಯ್ಕೆಗಳ ನಡುವೆ ಏನು ಹಾಕತ್ತೆ ಅನ್ನೋದು ವರ್ಶನ್ ಮೇಲೆ ಹೋಗತ್ತೆ, ಹಳೇದ್ರಲ್ಲಿ ಪ್ರತಿಯೊಂದಾದ್ಮೇಲೂ ಲೈನ್ ಬ್ರೇಕ್ ಬರ್ತಿತ್ತು. ಅದರ ಮೇಲೆ ಭರವಸೆ ಇಡದೇ ಸೆಟ್‌ಪ್ರಿಫಿಕ್ಸ್, ಸೆಟ್‌ಸಫಿಕ್ಸ್ ಎರಡನ್ನೂ ನೀವೇ ಬರ್ದುಬಿಡಿ, ಪ್ರತಿ ಆಯ್ಕೆನೂ ಒಂದು ಡಿವ್ ಒಳಗೆ ಕೂತ್ರೆ ಸಿಎಸ್‌ಎಸ್ ಬರೆಯೋರಿಗೆ ಸುಲಭ. ಲೇಬಲ್ ಇನ್‌ಪುಟ್‌ಗೆ ಮುಂಚೆ ಬರ್ಬೇಕಾ, ಆಮೇಲೆ ಬರ್ಬೇಕಾ, ಸುತ್ತ ಬರ್ಬೇಕಾ ಅನ್ನೋದಕ್ಕೆ ಹೊಸ ವರ್ಶನ್‌ಗಳಲ್ಲಿ ಸೆಟ್‌ಲೇಬಲ್‌ಪೊಸಿಷನ್ ಇದೆ.

ಐಡಿ ಕೊಡದೇ ಇದ್ರೆ ಏನಾಗತ್ತೆ

ಈನಮ್ ಆದ್ರೆ ವ್ಯಾಲ್ಯೂ ಜಾಗದಲ್ಲಿ ಕಾನ್‌ಸ್ಟಂಟ್ ಹೆಸರೇ ಹೋಗತ್ತೆ, ಗೊಂದಲ ಇಲ್ಲ. ಆಯ್ಕೆಗಳು ಡೇಟಾಬೇಸ್‌ನಿಂದ ಬರೋ ಆಬ್ಜೆಕ್ಟ್ ಆದಾಗ ಎಲ್ರೂ ಸಾಮಾನ್ಯ ಚಾಯ್ಸ್‌ರೆಂಡರರ್ ಹಾಕಿ ತೋರಿಸೋ ಪ್ರಾಪರ್ಟಿ ಹೆಸರು ಒಂದನ್ನೇ ಕೊಟ್ಟು ಸುಮ್ಮನಾಗ್ತಾರೆ, ನಾನೂ ಹಾಗೇ ಮಾಡಿದ್ದೆ. ಎರಡನೇ ಆರ್ಗ್ಯುಮೆಂಟ್ ಆಗಿ ಐಡಿ ಪ್ರಾಪರ್ಟಿ ಕೊಡದೇ ಇದ್ರೆ ವಿಕೆಟ್ ಲಿಸ್ಟ್‌ನಲ್ಲಿರೋ ಸ್ಥಾನವನ್ನೇ ಐಡಿ ಮಾಡ್ಕೊಳ್ಳತ್ತೆ, ಮೊದಲನೇದು 0, ಎರಡನೇದು 1, ಹೀಗೆ. ಬ್ರೌಸರ್ 1 ಅಂತ ಕಳಿಸತ್ತೆ, ಸರ್ವರ್ ಆ ಹೊತ್ತಿನ ಲಿಸ್ಟ್ ತೆಗೆದು ಎರಡನೇದನ್ನ ಎತ್ಕೊಳ್ಳತ್ತೆ. ಅಷ್ಟರಲ್ಲಿ ಲಿಸ್ಟ್ ಬದಲಾಗಿದ್ರೆ?

ಹಿಂದೆ ಒಂದು ಆಫೀಸ್‌ನಲ್ಲಿ ಟ್ರೈನಿಂಗ್ ಬ್ಯಾಚ್ ಆರಿಸೋ ಫಾರಂ ಮಾಡಿದ್ವಿ. ಲಿಸ್ಟ್ ದಿನಾಂಕದ ಪ್ರಕಾರ ಡೇಟಾಬೇಸ್‌ನಿಂದ ಬರ್ತಿತ್ತು, ಸೀಟ್ ತುಂಬಿದ ಬ್ಯಾಚ್ ಲಿಸ್ಟ್‌ನಿಂದ ಹೋಗ್ತಿತ್ತು. ಬೆಳಿಗ್ಗೆ ಪೇಜ್ ತೆರೆದು ಇಟ್ಕೊಂಡು ಸ್ವಲ್ಪ ಹೊತ್ತಾದ್ಮೇಲೆ ಸಬ್ಮಿಟ್ ಮಾಡಿದೋರಿಗೆಲ್ಲಾ, ಅಷ್ಟರಲ್ಲಿ ಮೊದಲ ಬ್ಯಾಚ್ ತುಂಬಿ ಹೋಗಿದ್ರಿಂದ, ಅವರು ಒತ್ತಿದ್ದರ ಮುಂದಿನ ಬ್ಯಾಚ್ ಸೇವ್ ಆಯ್ತು. ಬೇರೆ ಊರಿಂದ ರಾತ್ರಿ ಬಸ್ ಹತ್ತಿ ಬಂದೋರು ನಿಮ್ಮ ಹೆಸರು ಈ ದಿನದಲ್ಲಿ ಇಲ್ಲ ಅಂತ ಕೇಳಿಸ್ಕೊಂಡು ನಿಂತಿದ್ದು ಈಗಲೂ ನೆನಪಿದೆ. ಎಕ್ಸೆಪ್ಷನ್ ಇಲ್ಲ, ವಾರ್ನಿಂಗ್ ಇಲ್ಲ, ಕೋಡ್ ಪ್ರಕಾರ ಎಲ್ಲಾ ಸರಿ. ಸರಿ ಮಾಡೋಕೆ ಬೇಕಾಗಿದ್ದು ಐಡಿ ಅನ್ನೋ ಒಂದು ಪದ.

ಆದ್ರಿಂದ ಡೇಟಾಬೇಸ್‌ನಿಂದ ಬರೋ ಯಾವ ಲಿಸ್ಟ್ ಆದ್ರೂ ಐಡಿ ಪ್ರಾಪರ್ಟಿ ಕೊಡಿ, ಪ್ರೈಮರಿ ಕೀ (ಡೇಟಾಬೇಸ್‌ನ ಪ್ರತಿ ಸಾಲಿಗೂ ಇರೋ ಬೇರೆ ಬೇರೆ ಗುರುತು) ಆದ್ರೆ ಸಾಕು. ಹೊರಗಿನೋರಿಗೆ ಪ್ರೈಮರಿ ಕೀ ಕಾಣೋದು ಬೇಡ ಅನ್ಸಿದ್ರೆ ಬೇರೆ ಯಾವುದಾದ್ರೂ ಬದಲಾಗದ ಕೋಡ್ ಕೊಡಿ. ಸ್ಥಾನ ಮಾತ್ರ ಬೇಡ.

ಪೂರ್ತಿ ಕೈಯಲ್ಲಿ ಕಟ್ಟೋದು, ರೇಡಿಯೋಗ್ರೂಪ್

ಪ್ರತಿ ಆಯ್ಕೆ ಪಕ್ಕದಲ್ಲಿ ಫೋಟೋ ಬೇಕು, ಬೆಲೆ ಬೇಕು, ಟೇಬಲ್‌ನ ಪ್ರತಿ ಸಾಲಲ್ಲೂ ಒಂದು ರೇಡಿಯೋ ಬೇಕು ಅಂದಾಗ ರೇಡಿಯೋಚಾಯ್ಸ್ ಸಾಕಾಗಲ್ಲ. ಆಗ ರೇಡಿಯೋಗ್ರೂಪ್ ಮತ್ತು ಅದರ ಒಳಗೆ ರೇಡಿಯೋ. ಇದನ್ನ ಅರ್ಥ ಮಾಡ್ಕೊಳ್ಳೋಕೆ ಒಂದೇ ವಿಷಯ ಗಟ್ಟಿ ಹಿಡ್ಕೊಳ್ಳಿ: ಉತ್ತರ ಇರೋದು ಗುಂಪಿನ ಮಾಡೆಲ್‌ನಲ್ಲಿ, ಪ್ರತಿ ರೇಡಿಯೋದ ಮಾಡೆಲ್‌ನಲ್ಲಿ ಇರೋದು ನನ್ನನ್ನ ಒತ್ತಿದ್ರೆ ಉತ್ತರ ಇದು ಅನ್ನೋ ಒಂದು ವಸ್ತು ಮಾತ್ರ. ಫಾರಂ ಕಾಂಪೊನೆಂಟ್ ಅನ್ನಿಸ್ಕೊಳ್ಳೋದೂ ಗುಂಪೇ, ಹಾಗಾಗಿ ಸೆಟ್‌ರಿಕ್ವೈರ್ಡ್, ವ್ಯಾಲಿಡೇಟರ್ ಎಲ್ಲಾ ಗುಂಪಿಗೆ ಹಾಕ್ಬೇಕು, ರೇಡಿಯೋಗೆ ಅಲ್ಲ.

ಎಚ್‌ಟಿಎಂಎಲ್‌ನಲ್ಲಿ ಹೊರಗೆ ಒಂದು ಡಿವ್, ಅದು ಗುಂಪು. ಒಳಗೆ ಒಂದು ಲೇಬಲ್ ಟ್ಯಾಗ್, ಅದಕ್ಕೆ ಲಿಸ್ಟ್‌ವ್ಯೂನ (ಲಿಸ್ಟ್‌ನಲ್ಲಿರೋ ಒಂದೊಂದಕ್ಕೂ ಒಂದು ಐಟಮ್ ಕಟ್ಟೋ ಕಾಂಪೊನೆಂಟ್) ಐಡಿ ಕೊಡಿ, ಆಗ ಆ ಲೇಬಲ್ಲೇ ಆಯ್ಕೆಗೊಂದರಂತೆ ಪುನರಾವರ್ತನೆ ಆಗತ್ತೆ. ಲೇಬಲ್ ಒಳಗೆ ಟೈಪ್ ರೇಡಿಯೋ ಇರೋ ಇನ್‌ಪುಟ್, ಅದರ ಪಕ್ಕ ಹೆಸರಿಗೆ ಒಂದು ಸ್ಪ್ಯಾನ್. ಟೈಪ್ ಬರೆಯೋದು ಮರೆತ್ರೆ ವಿಕೆಟ್ ಅಲ್ಲೇ ಎಕ್ಸೆಪ್ಷನ್ ಎಸೆಯತ್ತೆ. ನೇಮ್ ನೀವು ಬರೀಬೇಡಿ, ಬರೆದ್ರೂ ವಿಕೆಟ್ ಅದನ್ನ ಗುಂಪಿನ ನೇಮ್‌ನಿಂದ ಬದಲಾಯಿಸಿಬಿಡತ್ತೆ. ಇನ್‌ಪುಟ್ ಲೇಬಲ್ ಒಳಗೇ ಇರೋದ್ರಿಂದ ಫಾರ್ ಅಟ್ರಿಬ್ಯೂಟ್‌ನ ಗೋಜೂ ಇಲ್ಲ, ಅಕ್ಷರದ ಮೇಲೆ ಒತ್ತಿದ್ರೂ ಚುಕ್ಕೆ ಬೀಳತ್ತೆ. ಡಿಸೈನ್ ಪ್ರಕಾರ ಲೇಬಲ್ ಬೇರೆ ಕಡೆ ಇರಲೇಬೇಕು ಅಂದ್ರೆ ಲೇಬಲ್ ಟ್ಯಾಗ್‌ಗೆ ವಿಕೆಟ್ ಫಾರ್ ಅಂತ ಹಾಕಿ ರೇಡಿಯೋದ ವಿಕೆಟ್ ಐಡಿ ಬರೀರಿ, ಉಳಿದಿದ್ದು ಅದೇ ಜೋಡಿಸ್ಕೊಳ್ಳತ್ತೆ.

ಜಾವಾದಲ್ಲೂ ಅದೇ ಜೋಡಣೆ. ಫಾರಂಗೆ ಗುಂಪು ಸೇರಿಸಿ, ಗುಂಪಿಗೆ ಲಿಸ್ಟ್‌ವ್ಯೂ, ಲಿಸ್ಟ್‌ವ್ಯೂನ ಪಾಪ್ಯುಲೇಟ್‌ಐಟಮ್ ಒಳಗೆ ಐಟಮ್‌ಗೆ ಹೊಸ ರೇಡಿಯೋ, ಅದರ ಮಾಡೆಲ್ ಆಗಿ ಐಟಮ್‌ನ ಮಾಡೆಲ್. ಲಿಸ್ಟ್‌ವ್ಯೂನ ಗುಂಪಿಗೆ ಸೇರಿಸದೇ ಫಾರಂಗೆ ಸೇರಿಸೋ ತಪ್ಪು ತುಂಬಾ ಜನ ಮಾಡ್ತಾರೆ, ಆಗ ಈ ರೇಡಿಯೋಗೆ ತನ್ನ ಮೇಲಿನ ರೇಡಿಯೋಗ್ರೂಪ್ ಸಿಗ್ತಿಲ್ಲ ಅಥವಾ ಎಚ್‌ಟಿಎಂಎಲ್‌ಗೂ ಜಾವಾಗೂ ತಾಳೆ ಆಗ್ತಿಲ್ಲ ಅನ್ನೋ ಅರ್ಥದ ಎರರ್ ಬರತ್ತೆ. ರೇಡಿಯೋ ಗುಂಪಿನ ನೇರ ಮಗು ಆಗಬೇಕಿಲ್ಲ, ಎಷ್ಟು ಆಳದಲ್ಲಿದ್ರೂ ಸರಿ, ಗುಂಪಿನ ಕೆಳಗೆ ಇದ್ರೆ ಸಾಕು.

ಇನ್ನೊಂದು, ರೇಡಿಯೋಗ್ರೂಪ್ ತನ್ನ ಟ್ಯಾಗ್ ಅನ್ನ ತಾನೇ ತೋರಿಸಲ್ಲ, ಒಳಗಿರೋದನ್ನ ಮಾತ್ರ ಬರೆಯತ್ತೆ. ಡಿವ್‌ಗೆ ಚೆಂದವಾಗಿ ಸಿಎಸ್‌ಎಸ್ ಕ್ಲಾಸ್ ಕೊಟ್ಟು ಬ್ರೌಸರ್‌ನಲ್ಲಿ ನೋಡಿದ್ರೆ ಆ ಡಿವ್ವೇ ಇರಲ್ಲ. ಸೆಟ್‌ರೆಂಡರ್‌ಬಾಡಿಓನ್ಲಿ ಮೆಥಡ್‌ಗೆ ಫಾಲ್ಸ್ ಕೊಟ್ರೆ ವಾಪಸ್ ಬರತ್ತೆ. ಗುಂಪನ್ನ ಫೀಲ್ಡ್‌ಸೆಟ್ ಟ್ಯಾಗ್ ಮೇಲೆ ಕೂರಿಸಿದ್ರಂತೂ ಇದನ್ನ ಮಾಡಲೇಬೇಕು.

ಚುಕ್ಕೆ ಮಾಯ ಆಗೋದು

ವಿದ್ಯಾರ್ಥಿ ಮುದ್ದೆ ಒತ್ತಿದ, ರೂಮ್ ನಂಬರ್ ಹಾಕೋದು ಮರೆತ, ಸಬ್ಮಿಟ್ ಮಾಡಿದ. ರೂಮ್ ನಂಬರ್ ಬೇಕು ಅಂತ ಎರರ್ ತೋರಿಸಿ ಪೇಜ್ ವಾಪಸ್ ಬಂತು, ಆದ್ರೆ ಮುದ್ದೆ ಮುಂದಿದ್ದ ಚುಕ್ಕೆ ಇಲ್ಲ. ಯಾಕೆ?

ರೇಡಿಯೋ ಒಂದು ಬ್ರೌಸರ್‌ಗೆ ಕೊಡೋ ವ್ಯಾಲ್ಯೂ ಮುದ್ದೆ ಅಂತ ಅಲ್ಲ, ರೇಡಿಯೋ ಅನ್ನೋ ಪದದ ಮುಂದೆ ಪೇಜ್ ಕೊಟ್ಟ ಒಂದು ಕ್ರಮಸಂಖ್ಯೆ, ರೇಡಿಯೋ3 ಅನ್ನೋ ಥರ. ಆ ಸಂಖ್ಯೆ ಆ ರೇಡಿಯೋ ಆಬ್ಜೆಕ್ಟ್‌ಗೆ ಅಂಟ್ಕೊಂಡಿರತ್ತೆ. ಲಿಸ್ಟ್‌ವ್ಯೂ ಮಾತ್ರ ಸುಮ್ಮನೆ ಬಿಟ್ರೆ ಪ್ರತಿ ಸಲ ಪೇಜ್ ತೋರಿಸೋ ಮುಂಚೆ ಹಳೇ ಐಟಮ್‌ಗಳನ್ನೆಲ್ಲಾ ಎಸೆದು ಹೊಸದಾಗಿ ಕಟ್ಟತ್ತೆ. ಹೊಸ ಐಟಮ್ ಅಂದ್ರೆ ಹೊಸ ರೇಡಿಯೋ, ಹೊಸ ಸಂಖ್ಯೆ. ಗುಂಪಿನ ಹತ್ರ ಬಳಕೆದಾರರು ಕಳಿಸಿದ ರೇಡಿಯೋ3 ಹಾಗೇ ಇದೆ, ಆದ್ರೆ ಆ ಹೆಸರಿನ ರೇಡಿಯೋ ಈಗ ಯಾವುದೂ ಇಲ್ಲ, ಹಾಗಾಗಿ ಯಾವುದಕ್ಕೂ ಚುಕ್ಕೆ ಬೀಳಲ್ಲ. ಫಾರಂನಲ್ಲಿ ಊಟ ಕಡ್ಡಾಯ ಅಲ್ಲ ಅಂತಿದ್ರೆ ಇನ್ನೂ ಕೆಟ್ಟದ್ದು, ಅವನು ರೂಮ್ ನಂಬರ್ ತುಂಬಿ ಮತ್ತೆ ಸಬ್ಮಿಟ್ ಮಾಡ್ತಾನೆ, ಊಟ ಖಾಲಿ ಅಂತ ಸೇವ್ ಆಗತ್ತೆ, ಅವನಿಗೆ ಗೊತ್ತೇ ಆಗಲ್ಲ.

ಇದಕ್ಕೆ ಮದ್ದು ಲಿಸ್ಟ್‌ವ್ಯೂ ಮೇಲೆ ಸೆಟ್‌ರೀಯೂಸ್‌ಐಟಮ್ಸ್ ಟ್ರೂ. ಆಗ ಐಟಮ್ ಒಂದು ಸಲ ಕಟ್ಟಿದ್ದು ಹಾಗೇ ಉಳ್ಕೊಳ್ಳತ್ತೆ. ಫಾರಂ ಒಳಗೆ ಇರೋ ಯಾವ ಲಿಸ್ಟ್‌ವ್ಯೂ ಆದ್ರೂ ಸರಿ, ಬರೆದ ತಕ್ಷಣ ಮುಂದಿನ ಸಾಲಲ್ಲೇ ಇದನ್ನ ಬರೆಯೋದು ಅಭ್ಯಾಸ ಮಾಡ್ಕೊಳ್ಳಿ.

ಇದೇ ಜಾತಿಯ ಇನ್ನೊಂದು ತೊಂದರೆ ಅಜಾಕ್ಸ್‌ನಲ್ಲಿ, ಅಂದ್ರೆ ಪೂರ್ತಿ ಪೇಜ್ ಬದಲಿಸದೇ ಒಂದು ಭಾಗ ಮಾತ್ರ ಬದಲಿಸೋವಾಗ, ಬರತ್ತೆ. ಸರ್ವರ್ ಕಡೆ ಲಿಸ್ಟ್‌ವ್ಯೂ ಖಾಲಿ ಮಾಡಿಸ್ತೀರ, ಆದ್ರೆ ಗುಂಪನ್ನ ಟಾರ್ಗೆಟ್‌ಗೆ (ಬ್ರೌಸರ್‌ನಲ್ಲಿ ಮತ್ತೆ ಬರೀಬೇಕಾದ್ದರ ಪಟ್ಟಿಗೆ) ಸೇರಿಸಲ್ಲ, ಬ್ರೌಸರ್‌ನಲ್ಲಿ ಹಳೇ ರೇಡಿಯೋಗಳೇ ಕೂತಿರ್ತವೆ. ಬಳಕೆದಾರರು ಅದ್ರಲ್ಲಿ ಒಂದನ್ನ ಒತ್ತಿ ಕಳಿಸಿದಾಗ ಬಂದ ವ್ಯಾಲ್ಯೂಗೆ ತಕ್ಕ ರೇಡಿಯೋ ಇಲ್ಲ, ತೋರಿಸಿದ ಮೇಲೆ ಸಬ್ಮಿಟ್ ಆಗೋ ಮುಂಚೆ ಕಾಂಪೊನೆಂಟ್ ಜೋಡಣೆ ಬದಲಾಗಿರಬಹುದು ಅಂತ ವಿಕೆಟ್ ಉದ್ದುದ್ದ ಎಕ್ಸೆಪ್ಷನ್ ಕೊಡತ್ತೆ. ಆ ಮೆಸೇಜನ್ನ ಪೂರ್ತಿ ಓದಿ, ಅದು ಹೇಳ್ತಿರೋದೇ ನಿಜವಾದ ಕಾರಣ.

ರೀಯೂಸ್ ಹಾಕಿದ್ರೂ ಉಳಿಯೋ ತೊಂದರೆ

ಇದನ್ನ ಸ್ವಲ್ಪ ನಿಧಾನವಾಗಿ ಓದಿ, ನನಗೆ ಇದು ಅರ್ಥ ಆಗೋಕೆ ತುಂಬಾ ದಿನ ಹಿಡೀತು. ಲಿಸ್ಟ್‌ವ್ಯೂನ ಐಟಮ್ ಮಾಡೆಲ್ ಒಳಗೆ ಆಬ್ಜೆಕ್ಟ್ ಇರಲ್ಲ, ಲಿಸ್ಟ್‌ನಲ್ಲಿ ನಾನು ಇಷ್ಟನೇದು ಅನ್ನೋ ಸಂಖ್ಯೆ ಇರತ್ತೆ, ಕೇಳಿದಾಗ ಲಿಸ್ಟ್‌ನಿಂದ ಆ ಸ್ಥಾನದ್ದನ್ನ ತೆಗೆದು ಕೊಡತ್ತೆ. ಲಿಸ್ಟ್ ಪೇಜ್ ಒಳಗೇ ಗಟ್ಟಿಯಾಗಿ ಕೂತಿದ್ರೆ, ಅಂದ್ರೆ ಈನಮ್ ವ್ಯಾಲ್ಯೂಸ್ ಥರ, ಏನೂ ಆಗಲ್ಲ. ಲೋಡಬಲ್‌ಡಿಟ್ಯಾಚಬಲ್‌ಮಾಡೆಲ್ ಮೂಲಕ ಪ್ರತಿ ರಿಕ್ವೆಸ್ಟ್‌ಗೂ ಡೇಟಾಬೇಸ್‌ನಿಂದ ಹೊಸದಾಗಿ ಬರೋ ಲಿಸ್ಟ್ ಆದ್ರೆ, ಆಗ್ಲೇ ಹೇಳಿದ ಟ್ರೈನಿಂಗ್ ಬ್ಯಾಚಿನ ಕಥೆನೇ ಮತ್ತೆ. ರೇಡಿಯೋ ಆಬ್ಜೆಕ್ಟ್ ಅದೇ ಇದೆ, ಸಂಖ್ಯೆ ಅದೇ ಇದೆ, ಆದ್ರೆ ಅದು ಬೊಟ್ಟು ಮಾಡಿ ತೋರಿಸ್ತಿರೋ ವಸ್ತು ಬೇರೆ ಆಗೋಗಿದೆ.

ಇಂಥ ಕಡೆ ಲಿಸ್ಟ್‌ವ್ಯೂ ಬಿಟ್ಟು ರಿಫ್ರೆಶಿಂಗ್‌ವ್ಯೂ ತಗೊಳ್ಳಿ. ಅದ್ರಲ್ಲಿ ಗೆಟ್‌ಐಟಮ್‌ಮಾಡೆಲ್ಸ್ ಅಂತ ಮೆಥಡ್ ನೀವೇ ಬರೀಬೇಕು, ಪ್ರತಿ ಆಯ್ಕೆಗೂ ಒಂದೊಂದು ಸ್ವಂತ ಮಾಡೆಲ್ ಕೊಡ್ತೀರ, ಆ ಮಾಡೆಲ್ ತನ್ನೊಳಗೆ ಪ್ರೈಮರಿ ಕೀ ಮಾತ್ರ ಇಟ್ಕೊಂಡು ಬೇಕಾದಾಗ ಆಬ್ಜೆಕ್ಟ್ ತರತ್ತೆ. ಜೊತೆಗೆ ರೀಯೂಸ್‌ಇಫ್‌ಮಾಡೆಲ್ಸ್‌ಈಕ್ವಲ್‌ಸ್ಟ್ರಾಟೆಜಿ ಅನ್ನೋದನ್ನ ಸೆಟ್‌ಐಟಮ್‌ರೀಯೂಸ್‌ಸ್ಟ್ರಾಟೆಜಿ ಮೂಲಕ ಹಾಕಿ. ಆಗ ಮಾಡೆಲ್ ಸಮ ಇದ್ರೆ ಹಳೇ ಐಟಮ್ ಉಳಿಯತ್ತೆ, ಹೊಸ ಆಯ್ಕೆ ಬಂದ್ರೆ ಹೊಸ ಐಟಮ್, ಹೋಗಿದ್ರೆ ಹೋಗತ್ತೆ, ಚುಕ್ಕೆ ಇದ್ದಿದ್ದು ಇದ್ದ ಕಡೆನೇ. ಇಲ್ಲಿ ಸಮ ಅನ್ನೋದನ್ನ ತೀರ್ಮಾನ ಮಾಡೋದು ಆ ಮಾಡೆಲ್ ಕ್ಲಾಸ್‌ನ ಈಕ್ವಲ್ಸ್ ಮೆಥಡ್, ಅದನ್ನ ಬರೆಯದೇ ಇದ್ರೆ ಇಷ್ಟೆಲ್ಲಾ ಮಾಡಿದ್ದು ವ್ಯರ್ಥ, ಪ್ರತಿ ಸಲವೂ ಎಲ್ಲಾ ಹೊಸದೇ ಆಗತ್ತೆ.

ಈಕ್ವಲ್ಸ್ ಮಾತು ಬಂದಿದ್ದಕ್ಕೆ, ಎಂಟಿಟಿ (ಡೇಟಾಬೇಸ್ ಸಾಲಿನ ಆಬ್ಜೆಕ್ಟ್) ಕ್ಲಾಸ್‌ಗೂ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಬೇಕು. ಯಾವ ರೇಡಿಯೋಗೆ ಚುಕ್ಕೆ ಹಾಕ್ಬೇಕು ಅಂತ ಗೊತ್ತು ಮಾಡೋಕೆ ವಿಕೆಟ್ ಗುಂಪಿನ ಉತ್ತರನ ರೇಡಿಯೋದ ವಸ್ತು ಜೊತೆ ಹೋಲಿಸತ್ತೆ. ಎರಡೂ ಬೇರೆ ಬೇರೆ ಹೊತ್ತಲ್ಲಿ ಡೇಟಾಬೇಸ್‌ನಿಂದ ಬಂದ ಒಂದೇ ಸಾಲಿನ ಎರಡು ಆಬ್ಜೆಕ್ಟ್ ಆಗಿದ್ರೆ, ಈಕ್ವಲ್ಸ್ ಇಲ್ದೇ ಅವು ಎಂದಿಗೂ ಸಮ ಆಗಲ್ಲ. ಸೇವ್ ಮಾಡಿದ್ದು ಸರಿಯಾಗಿ ಸೇವ್ ಆಗಿದೆ, ಎಡಿಟ್ ಪೇಜ್ ತೆರೆದ್ರೆ ಮಾತ್ರ ಯಾವುದೂ ಆಯ್ಕೆ ಆಗಿಲ್ಲ ಅಂತ ತೋರಿಸ್ತಿದೆ ಅಂದ್ರೆ ನೇರ ಇಲ್ಲಿಗೇ ಬಂದು ನೋಡಿ.

ನಮ್ಮದೇ ಕಾಂಪೊನೆಂಟ್ ಮಾಡ್ಕೊಳ್ಳೋದು

ಇಷ್ಟೆಲ್ಲಾ ಎಚ್ಚರಿಕೆನ ಪ್ರತಿ ಪೇಜಲ್ಲೂ ನೆನಪಿಟ್ಟು ಮಾಡೋಕಾಗಲ್ಲ, ಒಂದು ಸಲ ಪ್ಯಾನಲ್ (ಬೇರೆ ಬೇರೆ ಪೇಜಲ್ಲಿ ಮತ್ತೆ ಮತ್ತೆ ಬಳಸೋ ತುಂಡು) ಒಳಗೆ ಬರ್ದಿಟ್ಬಿಡಿ. ಜೆನೆರಿಕ್‌ಪ್ಯಾನಲ್ ಅನ್ನ ಎಕ್ಸ್‌ಟೆಂಡ್ ಮಾಡಿ ಐಡಿ, ಉತ್ತರದ ಮಾಡೆಲ್, ಆಯ್ಕೆಗಳ ಮಾಡೆಲ್, ರೆಂಡರರ್, ಪ್ರಶ್ನೆಯ ಪಠ್ಯ ತಗೊಳ್ಳೋ ಕ್ಲಾಸ್ ಬರೀರಿ. ಅದರ ಎಚ್‌ಟಿಎಂಎಲ್‌ನಲ್ಲಿ ವಿಕೆಟ್ ಪ್ಯಾನಲ್ ಟ್ಯಾಗ್ ಒಳಗೆ ಫೀಲ್ಡ್‌ಸೆಟ್, ಲೆಜೆಂಡ್, ಗುಂಪು, ಲೇಬಲ್‌ಗಳು. ಒಳಗಿನ ರೇಡಿಯೋಗ್ರೂಪ್‌ಗೆ ಹೊರಗಿಂದ ಬಂದ ಮಾಡೆಲನ್ನೇ ನೇರ ಕೊಟ್ಬಿಡಿ. ಫಾರಂಕಾಂಪೊನೆಂಟ್‌ಪ್ಯಾನಲ್ ಎಕ್ಸ್‌ಟೆಂಡ್ ಮಾಡಿ ಕನ್ವರ್ಟ್‌ಇನ್‌ಪುಟ್ ಓವರ್‌ರೈಡ್ ಮಾಡೋ ದಾರಿನೂ ಇದೆ, ಎರಡು ಮೂರು ಇನ್‌ಪುಟ್ ಸೇರಿ ಒಂದು ಉತ್ತರ ಆಗೋ ಕಡೆ, ಉದಾಹರಣೆಗೆ ದಿನ, ತಿಂಗಳು, ವರ್ಷ ಸೇರಿ ದಿನಾಂಕ ಆಗೋ ಕಡೆ ಅದು ಸರಿ, ಒಂದೇ ಗುಂಪಿಗೆ ಅಷ್ಟು ಬೇಡ ಅನ್ನೋದು ನನ್ನ ಅಭಿಪ್ರಾಯ. ಮಾಡೆಲ್ ಹಂಚ್ಕೊಂಡ್ರೆ ವ್ಯಾಲಿಡೇಶನ್, ಕನ್ವರ್ಶನ್ ಎಲ್ಲಾ ಒಳಗಿನ ಗುಂಪೇ ನೋಡ್ಕೊಳ್ಳತ್ತೆ. ಗುಂಪನ್ನ ಕೊಡೋ ಒಂದು ಗೆಟರ್ ಮಾತ್ರ ಇಡಿ, ಹೊರಗಿನೋರು ರಿಕ್ವೈರ್ಡ್ ಹಾಕೋಕೆ, ಬಿಹೇವಿಯರ್ (ಕಾಂಪೊನೆಂಟ್‌ಗೆ ಅಂಟಿಸೋ ಹೆಚ್ಚುವರಿ ಕೆಲಸ) ಸೇರಿಸೋಕೆ ಬೇಕಾಗತ್ತೆ.

ಫೀಲ್ಡ್‌ಸೆಟ್ ಯಾಕೆ ಅಂತ ಕೇಳ್ತಾರೆ, ಬಾರ್ಡರ್ ತೆಗೆಯೋಕೆ ಸಿಎಸ್‌ಎಸ್ ಬರೀಬೇಕಲ್ಲ ಅಂತ. ಸ್ಕ್ರೀನ್ ರೀಡರ್ ಬಳಸೋರಿಗೆ ಮುದ್ದೆ, ರೇಡಿಯೋ ಬಟನ್ ಅಂತ ಕೇಳಿಸಿದ್ರೆ ಯಾವ ಪ್ರಶ್ನೆಗೆ ಮುದ್ದೆ ಅಂತ ತಿಳಿಯಲ್ಲ, ಲೆಜೆಂಡ್ ಇದ್ರೆ ರಾತ್ರಿ ಊಟ ಯಾವುದು ಅನ್ನೋದೂ ಜೊತೆಗೆ ಕೇಳಿಸತ್ತೆ. ಕೀಬೋರ್ಡ್‌ನಲ್ಲಿ ಟ್ಯಾಬ್ ಒತ್ತಿದ್ರೆ ಗುಂಪಿಗೆ ಒಂದೇ ಸಲ ಫೋಕಸ್ ಬರತ್ತೆ, ಒಳಗೆ ಓಡಾಡೋದು ಬಾಣದ ಕೀಲಿ. ಇದು ಬ್ರೌಸರ್ ಪುಕ್ಕಟೆ ಕೊಡೋ ಸೌಲಭ್ಯ, ಸಿಎಸ್‌ಎಸ್‌ನಲ್ಲಿ ಡಿಸ್‌ಪ್ಲೇ ನನ್ ಅಂತ ಬರೆದು ಇನ್‌ಪುಟ್‌ನ ಬಚ್ಚಿಟ್ಟು ಡಿವ್‌ನಿಂದ ಚೆಂದದ ಚುಕ್ಕೆ ಬರೆದ್ರೆ ಅದೆಲ್ಲಾ ಕಳ್ಕೊಂಡ ಹಾಗೆ. ಬಣ್ಣ ಬದಲಿಸ್ಬೇಕು ಅಂದ್ರೆ ಸಿಎಸ್‌ಎಸ್‌ನ ಆಕ್ಸೆಂಟ್ ಕಲರ್ ಒಂದು ಸಾಲು ಸಾಕು. ಒತ್ತೋ ಜಾಗಾನೂ ಚಿಕ್ಕದು ಮಾಡ್ಬೇಡಿ, 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2 (ವೆಬ್ ಎಲ್ರಿಗೂ ಬಳಸೋ ಹಾಗಿರ್ಬೇಕು ಅನ್ನೋ ಮಾರ್ಗಸೂಚಿ) ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಕೇಳತ್ತೆ, ಫೋನಿನಲ್ಲಿ ತುಂಬೋರು ಇದ್ರೆ ಅದಕ್ಕಿಂತ ಜಾಸ್ತಿನೇ ಕೊಡಿ.

ಒತ್ತಿದ ಕೂಡಲೇ ಏನಾದ್ರೂ ಆಗ್ಬೇಕು ಅಂದ್ರೆ

ಚಪಾತಿ ಒತ್ತಿದ್ರೆ ಎಷ್ಟು ಬೇಕು ಅಂತ ಕೇಳೋ ಬಾಕ್ಸ್ ಬರ್ಬೇಕು ಅಂತಿಟ್ಕೊಳ್ಳಿ. ಸಾಮಾನ್ಯ ಟೆಕ್ಸ್ಟ್ ಫೀಲ್ಡ್‌ಗೆ ಹಾಕೋ ಅಜಾಕ್ಸ್‌ಫಾರಂಕಾಂಪೊನೆಂಟ್‌ಅಪ್‌ಡೇಟಿಂಗ್‌ಬಿಹೇವಿಯರ್ ಇಲ್ಲಿ ಸಲ್ಲದು, ಗುಂಪುಗಳಿಗೇ ಅಂತ ಅಜಾಕ್ಸ್‌ಫಾರಂಚಾಯ್ಸ್‌ಕಾಂಪೊನೆಂಟ್‌ಅಪ್‌ಡೇಟಿಂಗ್‌ಬಿಹೇವಿಯರ್ ಬೇರೆ ಇದೆ, ನಡುವೆ ಚಾಯ್ಸ್ ಅನ್ನೋ ಪದ ಇದೆಯಾ ನೋಡ್ಕೊಳ್ಳಿ. ಅದನ್ನ ಗುಂಪಿಗೆ ಸೇರಿಸಿ, ಆನ್‌ಅಪ್‌ಡೇಟ್ ಒಳಗೆ ಸಂಖ್ಯೆಯ ಬಾಕ್ಸನ್ನ ಟಾರ್ಗೆಟ್‌ಗೆ ಹಾಕಿ. ಬಾಕ್ಸ್ ಮೊದಲು ಕಾಣದೇ ಇರೋದ್ರಿಂದ ಅದಕ್ಕೆ ಸೆಟ್‌ಔಟ್‌ಪುಟ್‌ಮಾರ್ಕಪ್‌ಪ್ಲೇಸ್‌ಹೋಲ್ಡರ್‌ಟ್ಯಾಗ್ ಟ್ರೂ ಬೇಕು, ಇಲ್ಲಾಂದ್ರೆ ಬ್ರೌಸರ್‌ನಲ್ಲಿ ಬದಲಿಸೋಕೆ ಜಾಗವೇ ಸಿಗಲ್ಲ. ಕಾಣ್ಬೇಕಾ ಬೇಡ್ವಾ ಅನ್ನೋದನ್ನ ಅದರ ಆನ್‌ಕಾನ್ಫಿಗರ್ ಒಳಗೆ ಬರೀರಿ, ಉತ್ತರ ಚಪಾತಿ ಆಗಿದ್ರೆ ಸೆಟ್‌ವಿಸಿಬಲ್ ಟ್ರೂ. ಕಾಣದೇ ಇರೋ ಕಾಂಪೊನೆಂಟನ್ನ ವಿಕೆಟ್ ವ್ಯಾಲಿಡೇಟ್ ಮಾಡಲ್ಲ, ಹಾಗಾಗಿ ಆ ಬಾಕ್ಸ್ ಕಡ್ಡಾಯ ಅಂತ ಹಾಕಿದ್ರೂ ಮುದ್ದೆ ತಿನ್ನೋರಿಗೆ ಚಪಾತಿ ಎಷ್ಟು ಅಂತ ಎರರ್ ಬರಲ್ಲ. ಅಜಾಕ್ಸ್ ಬೇಡ, ಒತ್ತಿದ್ರೆ ಪೂರ್ತಿ ಪೇಜೇ ಹೋಗಿ ಬರ್ಲಿ ಅನ್ನೋರಿಗೆ 8ನೇ ವರ್ಶನ್‌ನಿಂದ ಫಾರಂಕಾಂಪೊನೆಂಟ್‌ಅಪ್‌ಡೇಟಿಂಗ್‌ಬಿಹೇವಿಯರ್ ಇದೆ.

ಹೌದು ಇಲ್ಲ ಅನ್ನೋ ಎರಡೇ ರೇಡಿಯೋ ಇರೋ ಪ್ರಶ್ನೆಗೆ ಬೀನ್‌ನಲ್ಲಿ (ಉತ್ತರಗಳನ್ನ ಇಡೋ ಜಾವಾ ಕ್ಲಾಸ್‌ನಲ್ಲಿ) ಫೀಲ್ಡ್ ಟೈಪ್ ದೊಡ್ಡ ಬಿ ಇರೋ ಬೂಲಿಯನ್ ಆಗಿರ್ಲಿ. ಚಿಕ್ಕ ಬಿ ಇರೋ ಪ್ರಿಮಿಟಿವ್ ಹಾಕಿದ್ರೆ ಅದು ಫಾಲ್ಸ್‌ನಿಂದ ಶುರು ಆಗತ್ತೆ, ಪೇಜ್ ತೆರೆದ ಕೂಡಲೇ ಇಲ್ಲ ಅನ್ನೋದಕ್ಕೆ ಚುಕ್ಕೆ ಬಿದ್ದಿರತ್ತೆ, ಕಡ್ಡಾಯ ಅಂತ ಹಾಕಿದ್ದಕ್ಕೆ ಅರ್ಥನೇ ಇರಲ್ಲ. ಒಪ್ಪಿಗೆ, ಲಿಂಗ, ಜಾತಿ, ಆರೋಗ್ಯ ಇಂಥ ಪ್ರಶ್ನೆಗಳಲ್ಲಿ ಮೊದಲೇ ಒಂದನ್ನ ಆರಿಸಿಟ್ಟಿರೋದು ತಪ್ಪು ಅಂತ ನಾನು ನಂಬ್ತೀನಿ, ಅವರ ಬಾಯಲ್ಲಿ ನಾವು ಮಾತು ತುರುಕಿದ ಹಾಗಾಗತ್ತೆ. ನಲ್‌ನಿಂದ ಶುರು ಮಾಡಿ, ಸೆಟ್‌ರಿಕ್ವೈರ್ಡ್ ಹಾಕಿ, ಪ್ರಾಪರ್ಟೀಸ್‌ನಲ್ಲಿ ಗುಂಪಿನ ಐಡಿ, ಚುಕ್ಕಿ, ರಿಕ್ವೈರ್ಡ್ ಅನ್ನೋ ಕೀಗೆ ರಾತ್ರಿ ಏನು ಊಟ ಬೇಕು ಅಂತ ಆರಿಸಿ ಅನ್ನೋ ಥರ ನಾಲ್ಕು ಸರಿಯಾದ ಮಾತು ಬರೀರಿ.

ಟೆಸ್ಟ್ ಬರೆಯೋದು

ವಿಕೆಟ್‌ಟೆಸ್ಟರ್ ಇರೋದ್ರಿಂದ ಬ್ರೌಸರ್ ಇಲ್ದೇ ಇದನ್ನೆಲ್ಲಾ ಪರೀಕ್ಷೆ ಮಾಡ್ಬಹುದು. ಪೇಜ್ ಶುರು ಮಾಡಿ, ನ್ಯೂಫಾರಂಟೆಸ್ಟರ್ ತಗೊಂಡು, ಸೆಲೆಕ್ಟ್ ಮೆಥಡ್‌ಗೆ ಗುಂಪಿನ ದಾರಿ ಮತ್ತು ಎಷ್ಟನೇದು ಅನ್ನೋ ಸಂಖ್ಯೆ ಕೊಡಿ. ಸೆಟ್‌ವ್ಯಾಲ್ಯೂ ಬಳಸೋಕೆ ಹೋಗ್ಬೇಡಿ, ರೇಡಿಯೋ3 ಥರದ ವ್ಯಾಲ್ಯೂ ನಿಮಗೆ ಮೊದಲೇ ಗೊತ್ತಿರಲ್ಲ.

ಸುಮ್ಮನೆ ಆರಿಸಿ ಸಬ್ಮಿಟ್ ಮಾಡೋ ಟೆಸ್ಟ್ ಎಲ್ರೂ ಬರೀತಾರೆ, ಅದು ಯಾವಾಗ್ಲೂ ಪಾಸ್ ಆಗತ್ತೆ. ಇನ್ನೆರಡು ಬರೀರಿ. ಒಂದ್ರಲ್ಲಿ ಎರಡನೇ ಆಯ್ಕೆ ಆರಿಸಿ, ರೂಮ್ ನಂಬರ್ ಖಾಲಿ ಬಿಟ್ಟು ಸಬ್ಮಿಟ್ ಮಾಡಿ, ವಾಪಸ್ ಬಂದ ಪೇಜಲ್ಲಿ ಎರಡನೇ ಇನ್‌ಪುಟ್‌ಗೇ ಚೆಕ್ಡ್ ಇದೆಯಾ ನೋಡಿ. ಇನ್ನೊಂದ್ರಲ್ಲಿ ಎರಡನೇ ಆಯ್ಕೆ ಆರಿಸಿ, ಸಬ್ಮಿಟ್ ಮಾಡೋ ಮುಂಚೆ ಟೆಸ್ಟ್ ಒಳಗಿಂದಾನೇ ಲಿಸ್ಟ್‌ನ ತಲೆಗೆ ಒಂದು ಹೊಸ ಆಯ್ಕೆ ಸೇರಿಸಿ, ಆಮೇಲೆ ಸಬ್ಮಿಟ್ ಮಾಡಿ ಸೇವ್ ಆಗಿದ್ದು ಯಾವುದು ಅಂತ ಹೋಲಿಸಿ. ಬ್ಯಾಚ್ ಫಾರಂ ಬರೆದಾಗ ಈ ಎರಡನೇ ಟೆಸ್ಟ್ ನಮ್ಮ ಹತ್ರ ಇರ್ಲಿಲ್ಲ. ಈಗ ರೇಡಿಯೋ ಇರೋ ಯಾವ ಪೇಜ್ ಬರೆದ್ರೂ ಅದನ್ನೇ ಮೊದಲು ಬರೀತೀನಿ, ಕೆಂಪು ಬರೋದನ್ನ ನೋಡಿ, ಆಮೇಲೆ ಐಡಿ ಕೊಟ್ಟು ಹಸಿರು ಮಾಡ್ತೀನಿ.